ಮೂರು ದಿನದ ಮಾವ

ಮಾನವಶಾಸ್ತ್ರದ ಎಂ.ಎ.ಯಲ್ಲಿ ಬಂಧುತ್ವದ ಪೇಪರಿಗೆ ಇಡೀ ವಿಭಾಗದಲ್ಲೇ ಹೆಚ್ಚು ಅಂಕ ನನ್ನದು. ಆ ಜಂಬ ಎಷ್ಟಿತ್ತೆಂದರೆ, ಕ್ಯಾಂಟೀನಿನಲ್ಲಿ ಯಾರಾದರೂ ‘ನಮ್ಮ ಕಸಿನ್’ ಎಂದರೆ ಸಾಕು, ‘ಮಾವನ ಮಗನೋ, ದೊಡ್ಡಪ್ಪನ ಮಗನೋ ಬಿಡಿಸಿ ಹೇಳ್ರೇ! ಒಬ್ಬನ್ನ ಮದುವೆಯಾಗಬಹುದು, ಇನ್ನೊಬ್ಬ ಅಣ್ಣ’ ಎಂದು ಪಾಠ ಶುರುಮಾಡುತ್ತಿದ್ದೆ. ಗೆಳತಿಯರು ವಡೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುತ್ತಿದ್ದರು.

ಕ್ಷೇತ್ರಕಾರ್ಯಕ್ಕೆಂದು ನಮ್ಮ ತಂಡ ದಬ್ಬೇಘಟ್ಟದ ಹತ್ತಿರದ ಒಂದು ಹಳ್ಳಿಗೆ ಹೋಯಿತು. ಶಾಲೆಯ ಕೋಣೆಯಲ್ಲಿ ವಾಸ. ಪ್ರತಿಯೊಬ್ಬರೂ ಒಂದು ಮನೆತನದ ವಂಶಾವಳಿ ಬರೆದು ತರಬೇಕು. ತರದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಪದವಿಯಿಲ್ಲ. ‘ಸರ್, ಮೇಡಂ ಅಂತ ಜನರನ್ನ ದೂರ ಮಾಡ್ಕೋಬೇಡಿ, ಸಂಬಂಧ ಹಚ್ಚಿ ಮಾತಾಡಿಸಿ’ ಎಂದು ಜೊತೆಗೆ ಬಂದಿದ್ದ ಮೇಷ್ಟ್ರು ಹೇಳಿ ಕಳಿಸಿದರು.

ನನಗೆ ಸಿಕ್ಕಿದ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಮಗ, ಸೊಸೆ, ಮೊಮ್ಮಗ. ತೆಂಗಿನ ತೋಟದಿಂದ ಬರುತ್ತಿದ್ದ ಯಜಮಾನರನ್ನು, ಅಂದರೆ ಅಜ್ಜಿಯ ಮಗನನ್ನು, ಕಂಡಾಗ ನನ್ನ ನಾಲಿಗೆ ತುದಿಗೆ ಬಂದದ್ದು ‘ಅಂಕಲ್’. ಛೆ, ಹಳ್ಳಿಯಲ್ಲಿ ಅಂಕಲ್ಲೇ? ತಕ್ಷಣ ಕನ್ನಡ ಮಾಡಿ, ‘ಮಾವಾ, ಚೆನ್ನಾಗಿದೀರಾ?’ ಎಂದೆ.

ಜಗಲಿಯಲ್ಲಿ ಕೊಬ್ಬರಿಯ ಚಿಪ್ಪು ಒಡೆಯುತ್ತಿದ್ದ ಅಜ್ಜಿಯ ಕೈ ನಿಂತಿತು.

‘ಏನಂದೆ ಮಗಾ? ಇನ್ನೊಂದ್ ಕಿತ ಅನ್ನು.’

ಅಂದೆ, ಇನ್ನೂ ಜೋರಾಗಿ.

ಅಲ್ಲಿಂದ ಶುರುವಾಯಿತು ನನ್ನ ರಾಜಯೋಗ. ತಂಡದ ಉಳಿದವರು ತಂತಮ್ಮ ಪಾಲಿನ ಮನೆಗಳ ಬಾಗಿಲಲ್ಲಿ ನಿಂತು ಬಿಸಿಲಲ್ಲಿ ಕಾಯುತ್ತಿದ್ದರೆ ನನಗೆ ಮಣೆ, ಕಾಯಿಹೋಳಿಗೆ, ಮೇಲೆ ತುಪ್ಪ. ನಾನು ಒಂದು ಪ್ರಶ್ನೆ ಕೇಳಿದರೆ ಅಜ್ಜಿ ನಾಲ್ಕು ಕೇಳುತ್ತಿದ್ದಳು. ‘ನಿಮ್ ಮನೆದೇವ್ರು ಯಾವ್ದವ್ವಾ?’ ಹೇಳಿದೆ. ‘ನಮ್ದು ಬ್ಯಾರೆ. ಸರೋಯ್ತು ಬುಡು’ ಎಂದು ಸೊಸೆಯ ಮುಖ ನೋಡಿ ನಕ್ಕಳು. ‘ಮನೆಯವರ ಉತ್ಸಾಹ ಅಪಾರ’ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೂರನೆಯ ದಿನ ಸಂಜೆ ಮೊಮ್ಮಗ ಶಾಲೆಯ ತನಕ ಬಂದ. ಮೂವತ್ತೈದರ ಆಸುಪಾಸಿನ ಸಂಕೋಚದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ತಂಡದವರೆಲ್ಲ ಅಲ್ಲೇ ಇದ್ದರೂ ತಂದದ್ದು ಒಂದೇ ಎಳನೀರು, ಅದು ನನಗೆ. ಕೈಗಿಟ್ಟು, ನೆಲ ನೋಡುತ್ತಾ ಹೋಗಿಬಿಟ್ಟ.

ಅದನ್ನು ನೋಡಿದ ಮೇಷ್ಟ್ರು ನನ್ನ ಡೈರಿ ಓದಿ, ನಾನು ಬರೆದ ವಂಶಾವಳಿಯ ಹಾಳೆ ಬಿಡಿಸಿದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಯಾಗಿದ್ದರೆ ನಡುವೆ ಎರಡು ಗೆರೆ. ‘ಯಜಮಾನರನ್ನ ಮಾವ ಅಂದಿದೀಯ. ಮನೆದೇವರು ಬೇರೆ ಆದ್ರೆ ಹೆಣ್ಣು ತರಬಹುದು ಅಂತ ಪರೀಕ್ಷೇಲಿ ಬರೆದವಳೂ ನೀನೇ. ಈಗ ನಿನ್ನ ವೃತ್ತ ಎಲ್ಲಿ ಬರುತ್ತೆ, ಹಾಕಮ್ಮ.’

ಹಾಕಿದೆ. ಮೊಮ್ಮಗನ ತ್ರಿಕೋನದ ಪಕ್ಕದಲ್ಲೇ ಬಂದು ಕೂತಿತು. ಅಯ್ಯೋ ದೇವರೇ! ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ, ಹಾಳೆಯನ್ನು ಇನ್ನೊಮ್ಮೆ ನೋಡುವವರೆಗೆ. ಅವನ ಪಕ್ಕ, ಅವನ ಚಿಕ್ಕಪ್ಪಂದಿರ ಗಂಡುಮಕ್ಕಳ ಪಕ್ಕ, ಎಲ್ಲೂ ಎರಡು ಗೆರೆಗಳಿರಲಿಲ್ಲ. ತೋಟ ನೋಡಿಕೊಂಡಿರುವ ಗಂಡಿಗೆ ಹೆಣ್ಣು ಸಿಗುತ್ತಿಲ್ಲ ಎಂದು ಅವನ ತಾಯಿ ಹೇಳಿದ್ದನ್ನು ನಾನೇ ಬರೆದುಕೊಂಡಿದ್ದೆ, ದುಂಡಗಿನ ಅಕ್ಷರದಲ್ಲಿ. ತುಂಬಾ ನಾಚಿಕೆಯಾಯಿತು.

ಮಾತು ತಿದ್ದಿದರೆ ಆ ಮನೆಯ ಬಾಗಿಲು ಮುಚ್ಚಬಹುದು, ಪ್ರಬಂಧ ಅರ್ಧಕ್ಕೆ ನಿಲ್ಲಬಹುದು. ತಿದ್ದದಿದ್ದರೆ ಅಜ್ಜಿ ವೀಳ್ಯಶಾಸ್ತ್ರಕ್ಕೆ ಕಾಯಿ ಆರಿಸಿಡುತ್ತಾಳೆ. ಬೆಳಿಗ್ಗೆ ಹೋದವಳೇ ಯಜಮಾನರನ್ನು ‘ದೊಡ್ಡಪ್ಪಾ’ ಎಂದೆ. ಅಜ್ಜಿಯ ಕೈ ಮತ್ತೆ ನಿಂತಿತು. ಮೊಮ್ಮಗನ ಕಡೆ ತಿರುಗಿ, ‘ಅಣ್ಣಾ, ನಿನ್ನೆಯ ಎಳನೀರು ಚೆನ್ನಾಗಿತ್ತು’ ಎಂದೆ.

ಅವನು ಅಂಗಿಯ ತೋಳು ಮಡಚಿದ. ಮಚ್ಚು ತೆಗೆದುಕೊಂಡು ಇನ್ನೊಂದು ಎಳನೀರು ಕೆತ್ತಿ ನನ್ನ ಕೈಗಿಟ್ಟ.

‘ಕುಡಿಯವ್ವ’ ಎಂದು ನಕ್ಕ. ‘ನನ್ನ ಕಂಡ ಹೆಣ್ಮಕ್ಳೆಲ್ಲ ಮೊದ್ಲನೇ ಮಾತ್ಗೇ ಅಣ್ಣಾ ಅಂದ್ಬುಡ್ತಾರೆ. ನೀನೊಬ್ಳೇ ಕಣವ್ವ, ಮೂರು ದಿನ ತಡ ಮಾಡಿದ್ದು.’