ಬಳೆಗಾರ್ತಿ ನೀಲಗಂಗಮ್ಮನ ಎರಡು ಸುಳ್ಳು

ನಮ್ಮ ಅತ್ತೆ ನೀಲಗಂಗಮ್ಮ ಬಳೆ ತೊಡಿಸುತ್ತಿದ್ದರು. ಕಲಬುರಗಿಯ ಬ್ರಹ್ಮಪುರದಿಂದ ಕಮಲಾಪುರಕ್ಕೆ ತಿಂಗಳಿಗೊಮ್ಮೆ ಎತ್ತಿನ ಗಾಡಿ ಹತ್ತುತ್ತಿದ್ದರು. ನಿಜಾಮರ ಕಾಲ, ಮೊದಲ ಮಹಾಯುದ್ಧ ಮುಗಿದ ಮರುವರ್ಷ. ಬಳೆಗಾರ್ತಿಗೆ ಲಿಂಗಾಯತರ ಪಡಸಾಲೆಯೂ ತೆರೆದಿತ್ತು, ಮುಸಲ್ಮಾನರ ಪರದೆಯ ಒಳಗೂ ದಾರಿಯಿತ್ತು. ಮುಂಗೈ ಅವರ ಹಿಡಿತದಲ್ಲಿ ಇರುವಷ್ಟು ಹೊತ್ತು ಯಾವ ಹೆಣ್ಣೂ ಎದ್ದು ಹೋಗುವಂತಿರಲಿಲ್ಲ. ಆ ಹೊತ್ತಿನಲ್ಲೇ ಅತ್ತೆ ಎಷ್ಟೋ ಜಗಳ ಬಿಡಿಸಿದ್ದರು. ಬಿಡಿಸಿ ಬಿಡಿಸಿ ದಣಿದೂ ಇದ್ದರು.

ಆ ವರ್ಷ ಕಮಲಾಪುರದ ಕಲ್ಯಾಣಪ್ಪನ ಮಗಳ ಮದುವೆ ಮೆರವಣಿಗೆ ಸಂಜೆಯ ನಮಾಜಿನ ಹೊತ್ತಿಗೆ ಮಸೀದಿ ಮುಂದೆ ಬಾಜಾ ನಿಲ್ಲಿಸಲಿಲ್ಲ. ಯಾರೋ ಕಲ್ಲೆಸೆದರು, ಬಾಜಾದವನ ಹಣೆ ಒಡೆಯಿತು. ಕಲ್ಯಾಣಪ್ಪನ ಪಕ್ಕದ ಮನೆಯೇ ಮಸೀದಿಯ ಹಿರಿಯ ಸಲಾವುದ್ದೀನ್ ಸಾಹೇಬರದು. ನಡುಗೋಡೆಯ ಮೇಲಿಂದ ಮಜ್ಜಿಗೆ, ಕೆಂಡ ದಾಟುವುದು ನಿಂತಿತು. ಎರಡೂ ಕಡೆಯವರು ಆರು ತಿಂಗಳು ಮಾತು ಬಿಟ್ಟರು. ಹಬ್ಬ ಬಂದರೆ ಹೆಣ ಬೀಳುತ್ತದೆ ಎಂದು ಊರೇ ಹೆದರಿತ್ತು.

ಅತ್ತೆ ಎರಡೂ ಮನೆಗೆ ಹೋದರು. ಕಲ್ಯಾಣಪ್ಪನ ಹೆಂಡತಿ ಅಂಬಮ್ಮ, "ಅವರ ಮಾರಿ ನೋಡಿದ ದಿನ ಅನ್ನ ಹುಟ್ಟಂಗಿಲ್ಲ" ಎಂದಳು. ಸಲಾವುದ್ದೀನರ ಹೆಂಡತಿ ಇಕ್ಬಾಲ್ ಬೇಗಂ, "ಕಲ್ಲು ಒಂದ ಬಿತ್ತು, ಕಮ್ಮಿ ಆತು" ಎಂದರು. ಅತ್ತೆ ಮಾತ್ರ ಇಬ್ಬರಿಗೂ ಹೇಳಿದ್ದು ಒಂದೇ: "ಆಚಿ ಮನಿಯಾಕಿ ಕಣ್ಣೀರು ಹಾಕ್ಯಾಳ. ತಪ್ಪಾತು, ಗಂಡನ ಕಡಿಂದ ಮಾಫಿ ಕೇಳಸ್ತೀನಿ ಅಂದಾಳ."

ಅತ್ತೆ ಮನೆಗೆ ಬಂದು ಇದನ್ನು ಹೇಳಿದಾಗ ನಾನು ಬೈದೆ. "ಸಾವಿರ ಸುಳ್ಳು ಹೇಳಿ ಮದುವಿ ಮಾಡ್ತಾರ. ನಾ ಎರಡು ಹೇಳಿದರ ಏನಾತವಾ ಜಯದೇವಿ?" ಎಂದು ಕಾಲು ಚಾಚಿ ಮಲಗಿಬಿಟ್ಟರು.

ಎರಡೂ ಮನೆಯವರು ಅತ್ತೆಯ ಮಾತು ನಂಬಿದರು, ಚಾವಡಿಯಲ್ಲಿ ಸಭೆ ಸೇರಿತು. ಹೆಂಗಸರು ಬಾಗಿಲ ಹಿಂದೆ ಕೂತರು, ಅತ್ತೆಯೂ ಅಲ್ಲೇ.

"ಹೇಳ್ರಿ ಕಲ್ಯಾಣಪ್ಪನವರ, ಕೇಳಾಕ ಬಂದೀವಿ," ಎಂದರು ಸಲಾವುದ್ದೀನ್.

"ನಾ ಏನು ಹೇಳ್ಲಿ? ಮಾಫಿ ಕೇಳೋರು ನೀವಲ್ಲೇನ್ರೀ?"

ಎರಡೂ ಕಡೆಯವರು ಎದ್ದು ನಿಂತರು, ಬಡಿಗೆಗಳು ಮೇಲೆದ್ದವು. ಅತ್ತೆ ಬಾಗಿಲು ದಾಟಿ ನಡುವೆ ಬಂದು ನಿಂತರು. "ನಾ ಸುಳ್ಳು ಹೇಳೀನ್ರೀ. ಯಾರೂ ತಪ್ಪಾತು ಅಂದಿಲ್ಲ," ಎಂದು ಇಬ್ಬರು ಹೆಂಗಸರೂ ಆಡಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು.

"ಬೇಗಂ, ನೀ ಹಂಗ ಅಂದೀಯೇನ?" ಒಳಗಿನಿಂದ ಅಂಬಮ್ಮನ ದನಿ ಬಂತು.

"ಅಂದೀನಿ. ನೀ ಅಂದದ್ದೇನು ಸಕ್ರಿ ಹಂಗ ಐತೇನ?"

ಆರು ತಿಂಗಳಲ್ಲಿ ಆ ಗೋಡೆಯ ಎರಡು ಮಗ್ಗುಲವರು ಆಡಿದ ಮೊದಲ ಮಾತು ಅದು. ಹೆಂಗಸರು ಮನಸಾರೆ ಜಗಳಾಡಿದರು, ಗಂಡಸರು ಬಡಿಗೆ ಊರಿಕೊಂಡು ಕೇಳಿದರು. ಮಗಳು ಆ ದಿನ ಎಷ್ಟು ನಡುಗಿದಳೆಂದು ಅಂಬಮ್ಮ ಹೇಳುವಾಗ ಬೇಗಂ ಅವಳ ಪಕ್ಕಕ್ಕೆ ಸರಿದು ಕೂತರು. ಸಂಜೆಯಷ್ಟರಲ್ಲಿ ಒಪ್ಪಂದವಾಯಿತು: ನಮಾಜಿನ ಹೊತ್ತು ಮಸೀದಿ ಮುಂದೆ ಬಾಜಾ ಇಲ್ಲ, ಕಲ್ಲೆಸೆದವನನ್ನು ಸಾಹೇಬರೇ ಕರೆತಂದು ಬಾಜಾದವನ ಮುಂದೆ ನಿಲ್ಲಿಸಬೇಕು.

ಆಮೇಲೆ ಆ ಇಬ್ಬರು ಹೆಂಗಸರೂ ಅತ್ತೆಯ ಕಡೆ ತಿರುಗಿದರು. "ನಮ್ಮ ಬಾಯಾಗ ಇಲ್ಲದ ಮಾತು ಹುಟ್ಟಸ್ತೀ? ನಮ್ಮ ಹೊಸ್ತಿಲ ತುಳಿಬ್ಯಾಡ." ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ, ನಮಗೆ ಇಬ್ಬರ ರಾಜಿಯಿಂದ ಅರ್ಧ ಅನ್ನ ಹೋಯಿತು. ನನಗೆ ಇವತ್ತಿಗೂ ಸಿಟ್ಟಿದೆ.

ರಮಜಾನಿಗೆ ಅತ್ತೆ ತಡೆಯಲಾರದೆ ಮತ್ತೊಮ್ಮೆ ಕಮಲಾಪುರಕ್ಕೆ ಹೋದರು. ಬಳೆಯ ಮಲಾರದ ಗಂಟು ಬಿಚ್ಚದೆಯೇ ತಿರುಗಿ ಬಂದರು. ಅಂಬಮ್ಮ, ಬೇಗಂ ಒಂದೇ ಪಡಸಾಲೆಯಲ್ಲಿ ಕೂತು ಬೇರೆ ಬಳೆಗಾರ್ತಿಯ ಮುಂದೆ ಕೈ ಚಾಚಿದ್ದರಂತೆ.

"ಏನಾರ ಅಂದರೇನ್ರೀ ಅತ್ತಿ?" ಎಂದು ಕೇಳಿದೆ.

"ನನ್ನ ನೋಡಲೇ ಇಲ್ಲವ್ವಾ. ನಗಾಕತ್ತಿದ್ದರು ಇಬ್ಬರೂ. ನನ್ನ ಸುದ್ದೀನ ಇರಬೇಕು," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.