ಲೂಮಿಯ ಕೂದಲು ಉದುರಿದ ಚಳಿಗಾಲ

ಸೈಮಿಯ ಹೆಸರನ್ನು ನಾನು ಮೊದಲು ಕೇಳಿದ್ದು ನನ್ನ ಗಂಡ ಓಯ್ವಾ ನಮ್ಮ ಹಬೆಮನೆ ಸೌನಾದ ಹಲಗೆಯ ಮೇಲಿಂದ ಏಳಲಾರದೆ ಕೂತ ದಿನ. ಐವತ್ತೊಂದನೆಯ ಇಸವಿ, ಮದುವೆಯಾಗಿ ಮೂರು ವಾರ. ವಾರವೆಲ್ಲ ಕಾಡಿನಲ್ಲಿ ಮರ ಕಡಿದು ಬಂದವನು ಬಿಸಿ ಹಬೆಯಲ್ಲಿ ಆರಾಮವಾಗಿ ಕೂತ. ಏಳಲು ಹೋದರೆ ಸೊಂಟ ಹಿಡಿದುಕೊಂಡಿತ್ತು. ನಾನೂ ನಮ್ಮತ್ತೆಯೂ ಅವನನ್ನು ಹಿಟ್ಟಿನ ಮೂಟೆ ಎಳೆದ ಹಾಗೆ ಹೊರಕ್ಕೆ ಎಳೆದು ತಂದೆವು.

"ಸೈಮಿ ಹತ್ರ ಹೋಗಿ ಒಂದು ಪಟ್ಟಿ ತಗೊಂಬಾ," ಎಂದರು ಅತ್ತೆ.

"ಯಾವ ಪಟ್ಟಿ?"

"ನಾಯಿ ಕೂದಲಿಂದು. ಯಾಕೆ, ನಿಮ್ಮ ಆಚೆ ದಂಡೇಲಿ ಸೊಂಟ ಹಿಡ್ಕೊಂಡ್ರೆ ಕೂಗಾಡ್ಕೊಂಡು ಕೂತಿರ್ತೀರಾ?"

ಸರೋವರದ ಆಚೆ ದಂಡೆಯ ನನ್ನ ತವರಿನಲ್ಲಿ ನಾವು ಬೆಕ್ಕಿನ ಚರ್ಮ ಕಟ್ಟುತ್ತಿದ್ದೆವು. ಅದನ್ನು ಹೇಳಿ ಇನ್ನಷ್ಟು ನಗೆಪಾಟಲಾಗುವುದು ಬೇಡವೆಂದು ಸುಮ್ಮನೆ ಹೊರಟೆ.

ಸೈಮಿಗೆ ಆಗ ನಲವತ್ತು ಇರಬಹುದು. ಒಂದೇ ಕೋಣೆಯ ಮನೆ, ಪಕ್ಕಕ್ಕೆ ಪುಟ್ಟದೊಂದು ಸೌನಾ. ಗಂಡ ಅರ್ವಿಡ್ ಯುದ್ಧಕ್ಕೆ ಹೋದವನು ಬರಲಿಲ್ಲ, ಅವನ ಬೂದು ಬಣ್ಣದ ಕೋಟು ಮಾತ್ರ ಬಂತು. ಆ ಕೋಟು ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು, ಯಾರೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ, ಸಂಜೆ ತಾಹ್ವೊ ಯಜಮಾನರ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಕೆಲಸ. ಉಳಿದ ಹೊತ್ತಿನಲ್ಲಿ ತನ್ನ ಬಿಳಿ ನಾಯಿಯ ಕೂದಲು ಬಾಚುವುದು, ರಾಟೆಯಲ್ಲಿ ಕುರಿ ಉಣ್ಣೆ ಬೆರೆಸಿ ನೂಲುವುದು, ಅಂಗೈಯಗಲದ ಸೊಂಟಪಟ್ಟಿ ಹೆಣೆಯುವುದು. ಕೊಟ್ಟದ್ದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಫಿಪುಡಿ ಒಯ್ದರೆ ಅದನ್ನೇ ಕುದಿಸಿ ನಮಗೇ ಕುಡಿಸಿ ಕಳಿಸುತ್ತಿದ್ದಳು.

ಅಂದು ಅವಳು ಕೊಟ್ಟ ಪಟ್ಟಿ ಕಟ್ಟಿಕೊಂಡು ಓಯ್ವಾ ಮೂರನೆಯ ದಿನ ಕಾಡಿಗೆ ಹೋದ. ಆಮೇಲೆ ನಮ್ಮ ಮನೆಯಲ್ಲಿ ಆ ಪಟ್ಟಿಯಿಲ್ಲದ ಸೊಂಟವೇ ಇರಲಿಲ್ಲ.

ನಾನು ಹೇಳಹೊರಟದ್ದು ಅರವತ್ಮೂರರ ಚಳಿಗಾಲದ ಮಾತು. ಮೊದಲು ಕಂಡ ನಾಯಿ ಸತ್ತು, ಅದರ ಮಗಳೂ ಸತ್ತು, ಮೊಮ್ಮಗಳು ಲೂಮಿ ಮನೆಯಲ್ಲಿದ್ದಳು. ನಾಲ್ಕು ವರ್ಷದವಳು, ಬೆಣ್ಣೆ ಬಣ್ಣದ ದಟ್ಟ ಕೂದಲು, ಕೈ ಇಟ್ಟರೆ ಮುಂಗೈವರೆಗೆ ಮುಳುಗುತ್ತಿತ್ತು. ಸೈಮಿ ಹಾಲು ಕರೆಯುವಷ್ಟು ಹೊತ್ತು ತಾಹ್ವೊನ ಕರುಗಳ ನಡುವೆ ಹುಲ್ಲಿನಲ್ಲಿ ಮಲಗಿರುತ್ತಿದ್ದಳು.

ಆ ವರ್ಷ ಅಕ್ಟೋಬರಿನಲ್ಲಿ ನಾನು ಹೋದಾಗ ಸೈಮಿ ಮೆಟ್ಟಿಲ ಮೇಲೆ ಕೂತು ಬಾಚುತ್ತಿದ್ದಳು.

"ನೋಡು ಔನೆ, ಬಾಚಣಿಗೆ ಇಡೋದೇ ತಡ, ಹಿಡಿ ಹಿಡಿ ಕೊಡ್ತಾಳೆ. ಇಂಥ ವರ್ಷ ನಾನು ಕಂಡೇ ಇಲ್ಲ."

ನಾನು ಗೋಣಿಯ ಬಾಯಿ ಹಿಡಿದೆ, ಅವಳು ತುಂಬಿದಳು. ಇಬ್ಬರಿಗೂ ಸಂತೋಷ. ಕೂದಲು ಇಷ್ಟು ಸಲೀಸಾಗಿ ಯಾಕೆ ಕಿತ್ತು ಬರುತ್ತಿದೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾಯಿಯ ಜೊತೆಯಲ್ಲೇ ಬಾಳಿದವಳಿಗೇ ಹೊಳೆಯಲಿಲ್ಲವಲ್ಲ ಎಂದು ಈಗಲೂ ನನಗೆ ದಿಗಿಲಾಗುತ್ತದೆ. ಆ ಗೋಣಿಯಿಂದ ಒಂಬತ್ತು ಪಟ್ಟಿಗಳಾದವು. ಹಳತು ಸವೆದವರಿಗೆಲ್ಲ ಹೊಸದು ಸಿಕ್ಕಿತು.

ಕ್ರಿಸ್ಮಸ್ಸಿಗೆ ಮುಂಚಿನ ಶನಿವಾರ ಮಧ್ಯಾಹ್ನ ನಮ್ಮ ಸೌನಾದಲ್ಲಿ ನಾವು ಮೂವರು ಹೆಂಗಸರು: ನಾನು, ಅತ್ತೆ, ತಾಹ್ವೊನ ಹೆಂಡತಿ ಲೆಂಪಿ. ಅವರ ಸೌನಾದ ಒಲೆ ಒಡೆದಿದ್ದರಿಂದ ಅವಳು ನಮ್ಮಲ್ಲಿಗೆ ಬಂದಿದ್ದಳು. ಬಟ್ಟೆ ಬಿಚ್ಚಿ ಒಳಗೆ ಹೋದರೂ ಲೆಂಪಿ ಗೋಡೆಗೆ ಬೆನ್ನು ಒತ್ತಿ ಕೂತಳು. ನಾನು ಸೊಂಟಕ್ಕೆ ಟವಲ್ ಸುತ್ತಿಕೊಂಡೇ ಕೂತೆ.

"ಏನ್ರೇ ಇದು, ಇಬ್ರೂ ಮದುಮಗಳ ಹಾಗೆ ಮುಚ್ಕೊಂಡು ಕೂತಿದೀರಿ?" ಎಂದು ಅತ್ತೆ ಕಾದ ಕಲ್ಲಿನ ಮೇಲೆ ನೀರು ಹಾಕಲು ಬಗ್ಗಿದರು.

ಚಳಿಗಾಲದಲ್ಲಿ ನಮ್ಮಲ್ಲಿ ಮಧ್ಯಾಹ್ನಕ್ಕೇ ಕತ್ತಲು; ಲಾಂದ್ರದ ಬೆಳಕು ಅವರ ಸೊಂಟದ ಮೇಲೆ ಬಿತ್ತು. ಕಾಫಿ ಬಟ್ಟಲನ್ನು ಮೇಜಿನ ಮೇಲೆ ಇಟ್ಟೆತ್ತಿದರೆ ತಳದ ಗುರುತು ಉಳಿಯುವುದಿಲ್ಲವೆ, ಅಂಥ ಕೆಂಪು ಉಂಗುರಗಳು ಒಂದರ ಪಕ್ಕ ಒಂದು, ಬೆನ್ನ ಸುತ್ತ. ಮೈಗೆ ಬಡಿದುಕೊಳ್ಳಲು ಲೆಂಪಿ ಹಿಡಿದಿದ್ದ ಬರ್ಚ್ ಎಲೆಯ ಕಟ್ಟು ಜಾರಿ ಕೆಳಗೆ ಬಿತ್ತು. ತಿರುಗಿ ತನ್ನ ಬೆನ್ನು ತೋರಿಸಿದಳು. ಅಲ್ಲೂ ಅದೇ. ನಾನು ಟವಲ್ ತೆಗೆದೆ.

ಅತ್ತೆ ಲಾಂದ್ರ ಎತ್ತಿ ನಮ್ಮಿಬ್ಬರ ಬೆನ್ನನ್ನೂ ಹತ್ತಿರದಿಂದ ನೋಡಿದರು.

"ನಾನು ಮಾಡಿದ ಪಾಪಕ್ಕೆ ಬಂದಿದೆ ಅಂದ್ಕೊಂಡಿದ್ದೆ," ಎಂದಳು ಲೆಂಪಿ.

"ಯಾವ ಪಾಪ, ಹೇಳು. ಹಬೆ ಆರೋವರೆಗೆ ಕೇಳೋಣ," ಎಂದರು ಅತ್ತೆ.

ಲೆಂಪಿ ನಗಲಿಲ್ಲ. "ಇದು ನಮ್ಮ ಕರುಗಳ ಮುಖದ ಮೇಲಿದೆ. ಹುಳುಕಡ್ಡಿ. ಆದ್ರೆ ನೀವ್ಯಾರೂ ನಮ್ಮ ಕರು ಮುಟ್ಟಿಲ್ವಲ್ಲ."

ಬಟ್ಟೆ ಹಾಕಿಕೊಳ್ಳಲು ಹೊರಗೆ ಬಂದೆವು. ಗೋಡೆಯ ಗೂಟದಲ್ಲಿ ಮೂವರ ಪಟ್ಟಿಗಳೂ ಒಂದರ ಮೇಲೊಂದು ತೂಗುತ್ತಿದ್ದವು, ಬೆಳ್ಳಗೆ, ಮೆತ್ತಗೆ. ಯಾರೂ ಮುಟ್ಟಲಿಲ್ಲ.

ಸೋಮವಾರ ದನದ ಡಾಕ್ಟರು ಬಂದರು, ಜೊತೆಗೆ ತಾಹ್ವೊ, ಲೆಂಪಿ. ಸೈಮಿಯ ಮೆಟ್ಟಿಲ ಮೇಲೆ ಲೂಮಿಯನ್ನು ನಿಲ್ಲಿಸಿ ಕೂದಲು ಬಗೆದು ನೋಡಿದರು. ಮೇಲೆ ಮಂಜಿನ ಗುಡ್ಡೆಯಂತಿದ್ದ ನಾಯಿ ಒಳಗೆ ಅಲ್ಲಲ್ಲಿ ಬೋಳು. ದುಂಡನೆಯ ಬೂದು ಹೊಟ್ಟಿನ ಬಿಲ್ಲೆಗಳು, ಅಂಚಿನಲ್ಲಿ ಕೀವು. ಎರಡು ಬೆರಳಲ್ಲಿ ಮೆಲ್ಲನೆ ಹಿಡಿದರೆ ಗೊಂಚಲು ಚರ್ಮದ ಹೊಟ್ಟಿನೊಂದಿಗೆ ಕಳಚಿ ಬಂತು.

"ಕರುಗಳಿಂದ ಇವಳಿಗೆ, ಇವಳಿಂದ ನೂಲಿಗೆ. ಕೂದಲಲ್ಲಿ ಇದು ವರ್ಷಗಟ್ಟಲೆ ಸಾಯದೆ ಇರುತ್ತೆ," ಎಂದರು ಡಾಕ್ಟರು.

ಸೈಮಿ ಹಿಮದ ಮೇಲೇ ಕೂತುಬಿಟ್ಟಳು. "ಒಂಬತ್ತು ಜನಕ್ಕೆ ಕೊಟ್ಟಿದೀನಿ," ಎಂದಳು. ಮತ್ತೆ ಮತ್ತೆ ಅದೇ, "ಒಂಬತ್ತು ಜನಕ್ಕೆ."

ತಾಹ್ವೊ ಊರಿನ ಬೇಟೆಗಾರರ ಮುಖಂಡ. ಕಾಯಿಲೆಯ ನಾಯಿಯನ್ನು ಏನು ಮಾಡಬೇಕೆಂದು ನಮ್ಮಲ್ಲಿ ಅಂಥವರನ್ನು ಯಾರೂ ಕೇಳಬೇಕಾಗಿರಲಿಲ್ಲ, ಅವರೇ ಹೇಳುತ್ತಿದ್ದರು.

"ನಾಯೀನ ಗುಂಡು ಹೊಡೆದು ಮುಗಿಸೋದೇ ಸರಿ," ಎಂದ.

"ಹಾಗಾದ್ರೆ ಮೊದಲು ನಿನ್ನ ಕರುಗಳಿಗೆ ಹೊಡಿ," ಎಂದಳು ಲೆಂಪಿ.

"ಕರು ನಾಳೆ ಹಾಲು ಕೊಡುತ್ತೆ. ನಾಯಿ ಏನು ಕೊಡುತ್ತೆ?"

"ಹದಿನೈದು ವರ್ಷದಿಂದ ನಿನ್ನ ಸೊಂಟ ನೆಟ್ಟಗೆ ನಿಲ್ಲಿಸಿದ್ದು ಯಾರು, ನಾನಾ?"

ತಾಹ್ವೊ ತನ್ನ ಸೊಂಟ ತಡವಿಕೊಂಡ. ಕೊನೆಗೆ ಈಸ್ಟರಿನವರೆಗೆ ಬಿಡುತ್ತೇನೆ ಎಂದ. ಅಷ್ಟರಲ್ಲಿ ನಾಯಿಯ ಮೈಮೇಲೆ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ತಾನೇ ಬಂದೂಕು ತರುವುದಾಗಿ ಹೇಳಿದ. ಸೈಮಿ ಎದ್ದು ನಿಂತು, "ಆಗ್ಲಿ ಯಜಮಾನ್ರೆ," ಎಂದಳು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

ಕಾಲಲ್ಲಿ ಒದ್ದು ಓಡಿಸುವ ಜಾರುಗಾಡಿಯಲ್ಲಿ ಅವಳು ಮನೆಮನೆಗೆ ಹೋಗಿ ಪಟ್ಟಿಗಳನ್ನು ವಾಪಸು ಕೇಳಿದಳು. ನಮ್ಮ ಓಯ್ವಾ ಕೊಡಲೊಲ್ಲ.

"ನವೆ ಆದ್ರೆ ಆಗ್ಲಿ ಸೈಮಕ್ಕ. ಕೆರ್ಕೊಂಡಾದ್ರೂ ನಿಂತಿರ್ತೀನಲ್ಲ."

"ನಿನ್ನ ಸೊಂಟದ ಉಂಗುರ ನೋಡಿದ್ರೆ ಲೂಮೀನ ಹೊಡೀತಾರೆ ಕಣೋ," ಎಂದಳು ಅವಳು.

ಅವನು ಅಲ್ಲೇ ಬಿಚ್ಚಿ ಕೊಟ್ಟ. ಒಂಬತ್ತೂ ಅವಳ ಸೌನಾದ ಒಲೆಯಲ್ಲಿ ಉರಿದವು. ಸುಟ್ಟ ಕೂದಲಿನ ವಾಸನೆ ಸರೋವರದ ಮಂಜುಗಡ್ಡೆ ದಾಟಿ ಆಚೆ ದಂಡೆಯವರೆಗೆ ಹೋಯಿತಂತೆ.

ನಮ್ಮ ಉಂಗುರಗಳು ಡಾಕ್ಟರು ಕೊಟ್ಟ ಗಂಧಕದ ಮುಲಾಮಿಗೆ ಒಂದೆರಡು ತಿಂಗಳಲ್ಲಿ ಮಾಸಿದವು. ನಾಯಿಗೆ ಮುಲಾಮು ತಾಗಬೇಕಾದರೆ ಕೂದಲು ಬೋಳಿಸಬೇಕು. ಜನವರಿ, ಹೊರಗೆ ಉಗುಳಿದರೆ ಉಗುಳು ಹೆಪ್ಪುಗಟ್ಟುವ ಚಳಿ. ಬೋಳಿಸಿದ ಮರುದಿನ ನಾನು ರೈ ಧಾನ್ಯದ ರೊಟ್ಟಿ ಹಿಡಿದು ಹೋದೆ. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ. ಒಲೆಯ ಮುಂದೆ ಒಂದು ಗುಲಾಬಿ ಬಣ್ಣದ ಪ್ರಾಣಿ, ಮೂಳೆ ಎಣಿಸಬಹುದಿತ್ತು. ಮೈಮೇಲೆ ಬೂದು ಬಣ್ಣದ ದಪ್ಪ ಅಂಗಿ, ಎದೆಯ ಮೇಲೆ ಹಿತ್ತಾಳೆಯ ಗುಂಡಿ. ಗೋಡೆ ನೋಡಿದೆ. ಮೊಳೆ ಖಾಲಿ.

"ಸೈಮಕ್ಕ, ಅದು ಅರ್ವಿಡ್ ಕೋಟಲ್ವಾ?"

"ತೋಳು ಅವಳ ಮುಂಗಾಲಿಗೆ ಸರಿಯಾಯ್ತು," ಎಂದಳು. "ಕುತ್ತಿಗೆ ಹತ್ರ ಒಂಚೂರು ಹಿಡಿಯುತ್ತೆ."

ಮುಲಾಮು ಹಚ್ಚುತ್ತಿದ್ದರೂ ಬಿಲ್ಲೆಗಳು ಹರಡುತ್ತಲೇ ಇದ್ದವು. ಫೆಬ್ರುವರಿಯಲ್ಲಿ ದನದ ಡಾಕ್ಟರು ಕೈಚೆಲ್ಲಿದರು. ಹೊಟ್ಟೆಗೆ ತೆಗೆದುಕೊಳ್ಳುವ ಹೊಸ ಗುಳಿಗೆ ಬಂದಿದೆಯಂತೆ, ಆದರೆ ಅದು ಮನುಷ್ಯರಿಗೆ, ಅದೂ ಪಟ್ಟಣದ ಡಾಕ್ಟರು ಬರೆದುಕೊಟ್ಟರೆ ಮಾತ್ರ. ಅದೇ ವಾರ ಸೈಮಿ ಒಬ್ಬಳೇ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಬಂದಳು.

ಮಾರ್ಚ್ ಮೊದಲ ವಾರ ಒಂದು ಬೆಳಿಗ್ಗೆ ನಾನು ಬಾಗಿಲು ತಟ್ಟದೆ ಒಳಗೆ ಹೋದೆ. ನಮ್ಮಲ್ಲಿ ಯಾರು ತಟ್ಟುತ್ತಾರೆ. ಸೈಮಿ ನೆಲದ ಮೇಲೆ ಕೂತು ಬೆಣ್ಣೆಯ ಉಂಡೆಯಲ್ಲಿ ಬಿಳಿ ಗುಳಿಗೆ ಅದುಮಿ ಲೂಮಿಯ ಬಾಯಿಗೆ ಇಡುತ್ತಿದ್ದಳು. ಆ ಕೈ ನಾನು ನೋಡಿದ್ದು ಆಮೇಲೆ. ಮೊದಲು ನೋಡಿದ್ದು ತಲೆ. ಕೊಟ್ಟಿಗೆಯ ಕೆಲಸದವರಾದ ನಾವೆಲ್ಲ ಸದಾ ಸ್ಕಾರ್ಫು ಕಟ್ಟಿರುತ್ತಿದ್ದೆವು. ಅವಳ ಸ್ಕಾರ್ಫು ಅಂದು ಕುರ್ಚಿಯ ಮೇಲಿತ್ತು. ಸೊಂಟದವರೆಗಿನ ಜಡೆ ಇದ್ದವಳು. ಈಗ ನೆತ್ತಿಯಿಂದ ಕಿವಿಯವರೆಗೆ ಅಂಗೈಯಗಲದ ಬೋಳು, ಅದರ ಮೇಲೆ ಕೀವು ಒಣಗಿದ ಹಕ್ಕಳೆ, ಕಂದು ಟಿಂಚರಿನ ಬಣ್ಣ. ನಡುನಡುವೆ ನಾಲ್ಕು ಎಳೆ ಕೂದಲು.

ಮೇಜಿನ ಮೇಲೆ ಔಷಧಿಯ ಡಬ್ಬಿ. ಚೀಟಿಯ ಮೇಲೆ ಅವಳದೇ ಹೆಸರು.

"ಇದು ನಿಂಗೆ ಕೊಟ್ಟಿದ್ದು," ಎಂದೆ.

"ನಂಗೆ ಸ್ಕಾರ್ಫಿದೆ. ಅವಳಿಗೇನಿದೆ?"

"ಒಂದಾದ್ರೂ ನುಂಗಿದೀಯಾ?"

"ನನ್ನ ತಲೆಗೆ ಯಾರೂ ಬಂದೂಕು ಎತ್ತಲ್ಲ ಔನೆ."

"ಯಾವಾಗಿಂದ ಹೀಗಿದೆ?"

"ಕ್ರಿಸ್ಮಸ್ಸಿಗೂ ಮೊದ್ಲಿಂದ. ಅವಳು ನನ್ನ ದಿಂಬಿನ ಮೇಲೇ ಮಲಗ್ತಾಳಲ್ಲ." ಲೂಮಿಯ ಮೂತಿಗೆ ಅಂಟಿದ ಬೆಣ್ಣೆಯನ್ನು ಬೆರಳಲ್ಲಿ ಒರೆಸಿ ಅದಕ್ಕೇ ನೆಕ್ಕಿಸಿದಳು. "ನಾಡಿದ್ದು ಗುಳಿಗೆ ಮುಗಿಯುತ್ತೆ. ಡಾಕ್ಟರು ಮತ್ತೆ ಬರೆದುಕೊಡ್ಬೇಕಾದ್ರೆ ನುಂಗೋದನ್ನ ನೋಡಿದವರು ಯಾರಾದ್ರೂ ಜೊತೇಲಿ ಬರ್ಬೇಕಂತೆ."

ನಾನು ಹೋದೆ. ಪಟ್ಟಣದ ಡಾಕ್ಟರು ಅವಳ ತಲೆ ನೋಡಿ, ಇಷ್ಟು ವಾರ ಗುಳಿಗೆ ತಿಂದೂ ಕಡಿಮೆಯಾಗದ್ದನ್ನು ತಾವು ಕಂಡಿಲ್ಲ ಎಂದರು. ಸರಿಯಾಗಿ ನುಂಗುತ್ತಾಳೆಯೇ ಎಂದು ನನ್ನನ್ನು ಕೇಳಿದರು. ಹುಟ್ಟಿದಾಗಿನಿಂದ ಚರ್ಚಿನಲ್ಲಿ ಮೊದಲ ಬೆಂಚಿನಲ್ಲಿ ಕೂತವಳು ನಾನು. "ದಿನಾ ಬೆಳಿಗ್ಗೆ ನನ್ನ ಎದುರಿಗೇ ನುಂಗ್ತಾಳೆ, ಬೆಣ್ಣೆ ಜೊತೆ," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನಾನೇ ಬೆಚ್ಚಿದೆ. ವಾಪಸು ಬರುವಾಗ ಬಸ್ಸಿನಲ್ಲಿ, ಅರ್ಧ ನೀನು ನುಂಗು ಎಂದು ಗೋಗರೆದೆ. ಅವಳು ಡಬ್ಬಿಯನ್ನು ಒಳಜೇಬಿಗೆ ಸೇರಿಸಿಕೊಂಡಳು.

ಈಸ್ಟರಿನ ಹಿಂದಿನ ದಿನ ತಾಹ್ವೊ ದನದ ಡಾಕ್ಟರನ್ನು ಕರೆದುಕೊಂಡು ಬಂದ. ಬಂದೂಕು ಹೆಗಲಿಗೇ ಇತ್ತು. ಲೂಮಿಯ ಕೋಟು ಬಿಚ್ಚಿದರು. ಮೈತುಂಬ ಬೆರಳುದ್ದದ ಹೊಸ ಕೂದಲು. ಡಾಕ್ಟರು ಬಾಲದ ಬುಡ, ಕಿವಿಯ ಹಿಂದೆ, ಕಾಲಿನ ಸಂದಿ ಎಲ್ಲ ನೋಡಿ, ಜಗ್ಗಿ ನೋಡಿ, "ಏನೂ ಇಲ್ಲ," ಎಂದರು. ಅವರಿಗೇ ನಂಬಿಕೆ ಬಂದಂತಿರಲಿಲ್ಲ.

"ಮುಲಾಮಿಗೇ ಹೋಯ್ತಾ?" ಎಂದ ತಾಹ್ವೊ.

"ಹೋಯ್ತು ಯಜಮಾನ್ರೆ," ಎಂದಳು ಸೈಮಿ, ಸ್ಕಾರ್ಫಿನ ಗಂಟು ಬಿಗಿ ಮಾಡಿಕೊಳ್ಳುತ್ತ.

ಆಮೇಲೆ ಅವಳು ತನ್ನ ಪಾಲಿನ ಗುಳಿಗೆಯನ್ನೂ ನುಂಗಿದಳು, ಕಾಯಿಲೆಯೂ ಹೋಯಿತು. ಆದರೆ ಕೀವಾದ ಕಡೆ ಕೂದಲಿನ ಬೇರೇ ಸತ್ತಿತ್ತು. ಮತ್ತೆ ಬೆಳೆಯಲಿಲ್ಲ. ಅವಳು ರಾಟೆ ಮುಟ್ಟಲಿಲ್ಲ. ಜನ ಸೊಂಟ ಹಿಡಿದುಕೊಂಡು ಬಂದು ಎಷ್ಟು ಕೇಳಿದರೂ ತಲೆಯಾಡಿಸುತ್ತಿದ್ದಳು. ವಸಂತದಲ್ಲಿ ಲೂಮಿಯ ಕೂದಲು ಅಂಗಳದಲ್ಲಿ ಗಾಳಿಗೆ ಹಾರುತ್ತಿತ್ತು. ಆ ಬೋಳು ತಲೆಯ ಸಂಗತಿ ನನಗೆ ಬಿಟ್ಟು ಊರಿನಲ್ಲಿ ಇನ್ನೊಬ್ಬರಿಗೆ ತಿಳಿಯಲಿಲ್ಲ. ಓಯ್ವಾನಿಗೂ ನಾನು ಹೇಳಲಿಲ್ಲ.

ಅರವತ್ತೆಂಟರ ಶರತ್ಕಾಲದಲ್ಲಿ ಅವಳ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಗೆ ಸೇರಿಸುವಾಗ ಲೂಮಿಯನ್ನು ನಮ್ಮ ಮನೆಗೆ ಕರೆತಂದೆ. ಭಾನುವಾರ ನೋಡಲು ಹೋದರೆ ನರ್ಸು ಬಾಗಿಲಲ್ಲೇ ದೂರು ಹೇಳಿದಳು.

"ನಿಮ್ಮವರು ತಲೆ ತೊಳೆಯೋಕೆ ಬಿಡಲ್ಲ. ಸ್ಕಾರ್ಫಿಗೆ ಕೈ ಹಾಕಿದ್ರೆ ಕಚ್ಚೋಕೆ ಬರ್ತಾರೆ."

ಒಳಗೆ ಸೈಮಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ಕೈಯಲ್ಲೂ ಗಂಟು ಹಿಡಿದಿದ್ದಳು. ನನ್ನ ದನಿ ಕೇಳಿ ತಿರುಗಿದಳು, ಬಾಗಿಲ ಕಡೆ ನೋಡಿದಳು, ನರ್ಸು ಹೋದದ್ದನ್ನು ಖಾತರಿ ಮಾಡಿಕೊಂಡಳು.

"ಊಟ ಮಾಡ್ತಾಳಾ?"

"ನಮ್ಮ ಓಯ್ವಾನಿಗಿಂತ ಜಾಸ್ತಿ."

ಅವಳು ಏದುಸಿರು ಬಿಡುತ್ತಲೇ ಹಾಸಿಗೆಯ ಕೆಳಗಿದ್ದ ನೀರಿನ ಬೋಗುಣಿಯನ್ನು ಕಣ್ಣಲ್ಲೇ ತೋರಿಸಿದಳು.

"ಬಾಗಿಲು ಹಾಕಿ ನೀನೇ ತೊಳಿ ಔನೆ. ಇವರು ಕಂಡ್ರೆ ಏನಾಯ್ತು ಅಂತ ಕೇಳ್ತಾರೆ. ಕೇಳಿದ್ರೆ ಮತ್ತೆ ಲೂಮಿ ಹೆಸರು ಬರುತ್ತೆ."