ಅಕ್ಕೋರು ಹೊತ್ತ ಆಣೆ

ನಮ್ಮ ಅಕ್ಕೋರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಬಲಗಣ್ಣು ಪಾಠ ಮಾಡುವಾಗ ಎಡಗಣ್ಣು ತೂಕಡಿಸುತ್ತದೆ ಎಂದು ನಾವು ಹುಡುಗರು ಬೆನ್ನ ಹಿಂದೆ ನಗುತ್ತಿದ್ದೆವು. ಆದರೆ ಆ ಅರೆತೆರೆದ ಕಣ್ಣು ಯಾರ ಮೇಲಿದೆ ಎಂದು ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಪ್ರತಿಯೊಬ್ಬನೂ ನನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡು ತೆಪ್ಪಗೆ ಕೂರುತ್ತಿದ್ದ. ಮುಂದೆ ಅವರು ವಿಧಾನಸಭೆ ಚುನಾವಣೆಗೆ ನಿಂತಾಗ ಹಳಿಯಾಳದ ಫೋಟೋ ಸ್ಟುಡಿಯೋದವನು, "ಬ್ಯಾನರಿಗೆ ಹಾಕೂಮುಂದ ಕಂಪ್ಯೂಟರದಾಗ ಆ ಕಣ್ಣು ಒಂಚೂರು ತೆರದು ಕೊಡ್ತೇನ್ರಿ" ಅಂದ. ಅಕ್ಕೋರು, "ಬ್ಯಾಡಪಾ. ಕಣ್ಣು ಸರಿ ಮಾಡಿದ್ರ ನನ್ನ ಹುಡುಗರಿಗೆ ಗುರುತ ಸಿಗೂದಿಲ್ಲ" ಅಂದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು ಯಾರೇ ಆಗಲಿ, ಅಕ್ಕೋರು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಿಂದ ಒಳಗೆ, ಕಾಡಿನ ಅಂಚಿಗೆ ನಮ್ಮ ಸಿದ್ದಿಗಳ ಕೇರಿ. ಅಲ್ಲಿಯ ಶಾಲೆಗೆ ಅವರು ದಿನಾ ಹಳಿಯಾಳದಿಂದ ಬಂದು ಹೋಗುತ್ತಿದ್ದರು. ಮನೆಯಲ್ಲಿ ನಮ್ಮದು ಕೊಂಕಣಿ ಬೆರೆತ ಮಾತು. ಕನ್ನಡವನ್ನು ನನ್ನ ಬಾಯಿಗೆ ಹಾಕಿದವರು ಅವರೇ. ಕೈಯಲ್ಲೊಂದು ಬಟ್ಟೆಯ ಚೀಲ, ಅದರಲ್ಲಿ ಹುರಿದ ಶೇಂಗಾ, ಬೆಲ್ಲ. ಮಗ್ಗಿ ಒಪ್ಪಿಸಿದವರಿಗೆ ಒಂದು ಹಿಡಿ, ಒಪ್ಪಿಸದವರಿಗೆ ಒಂದು ಪೆಟ್ಟು, ಆಮೇಲೆ ಅವರಿಗೂ ಒಂದು ಹಿಡಿ. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. "ನನಗ ಮಕ್ಕಳಿಲ್ಲಂತ ಯಾರಂದ್ರು? ಹಾಜರಿ ಕೂಗಿ ಕೂಗಿ ಗಂಟಲ ಹರದೈತಿ" ಎಂದು ಅವರೇ ನಗುತ್ತಿದ್ದರು.

ನಾನೋ, ಹುಟ್ಟಾ ಪುಕ್ಕಲ. ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ಓಡಿಸಿ ಹೊಟ್ಟೆ ಹೊರೆಯುವ ನನಗೆ ಹಗಲು ಪೊಲೀಸರ ಅಂಜಿಕೆ, ಫಾರೆಸ್ಟಿನವರ ಅಂಜಿಕೆ, ಹೊತ್ತು ಮುಳುಗಿದರೆ ಕಾಡುಕೋಣದ ಅಂಜಿಕೆ. ಹೆದರಿದವನ ಮೇಲೆ ಕಪ್ಪೆ ಎಸೆದರು ಅಂತಾರಲ್ಲ, ನನ್ನ ಮೇಲೆ ಎಸೆಯುವುದೂ ಬೇಡ, ಹೆಸರು ಹೇಳಿದರೆ ಸಾಕು. ಅಕ್ಕೋರು ನನಗೆ ಚಿಕ್ಕಂದಿನಿಂದ ಹೇಳುತ್ತಿದ್ದ ಮಾತು ಒಂದೇ: "ಅಂಜಿಕಿ ಬರ್ತೈತಿ, ಬರಲಿ. ಚಾ ಕೊಟ್ಟು ಕೂಡಸಬ್ಯಾಡ."

ಅವರು ನಿವೃತ್ತರಾದ ಮೇಲೆ ನಮ್ಮ ಕಡೆಗೆ ಬರುತ್ತಿದ್ದ ಸಂಜೆಯ ಬಸ್ಸು ನಿಂತುಹೋಯಿತು. ಹಳಿಯಾಳದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯರು ರಸ್ತೆಯಿಂದ ಕೇರಿಯ ತನಕ ಕಾಡಿನಲ್ಲಿ ನಡೆದು ಬರಬೇಕಾಯಿತು. ಕೆಲವು ದಿನ ಬಂದರು, ಆಮೇಲೆ ಒಬ್ಬೊಬ್ಬರೇ ಶಾಲೆ ಬಿಟ್ಟು ಕಬ್ಬು ಕಡಿಯಲು ಹೋದರು. ಅಕ್ಕೋರು ಅರ್ಜಿ ಹಿಡಿದುಕೊಂಡು ಆಫೀಸು ಆಫೀಸು ಅಲೆದರು. ಒಂದು ಕಡೆ ಯಾರೋ, "ನೀವ ಎಮ್ಮೆಲ್ಲೆ ಆಗ್ರಿ ಅಕ್ಕೋರ, ಬಸ್ ಬಿಡಸ್ರಿ" ಎಂದು ತಮಾಷೆ ಮಾಡಿದರಂತೆ. ಉಳಿದವರು ನಕ್ಕರಂತೆ. ಅಕ್ಕೋರು ನಗಲಿಲ್ಲ. ನೇರ ನಮ್ಮ ಮನೆಗೆ ಬಂದು, "ತಮ್ಮಾ, ನಿನ್ನ ಟಂಟಂ ನನಗ ಎಲೆಕ್ಷನ್ ಮುಗಿಯೂತನಾ ಬೇಕು" ಅಂದರು. ಇಲ್ಲ ಅನ್ನಲು ಧೈರ್ಯ ಬೇಕಲ್ಲ, ಅದೂ ಇರಲಿಲ್ಲ. ಹೂಂ ಅಂದೆ.

ಹೀಗೆ ಅಕ್ಕೋರು ಪಕ್ಷೇತರರಾಗಿ ನಿಂತರು. ಚಿಹ್ನೆ ಹಲಸಿನ ಹಣ್ಣು. ಕಾರಿಲ್ಲ, ಪಟಾಕಿಯಿಲ್ಲ, ನನ್ನ ಟಂಟಂ ಒಂದು, ಅದರ ಮೇಲೆ ಮೈಕು ಒಂದು. ಜೋಯಿಡಾ ಕಡೆ ಹೋದಾಗ ಅವರು ಕನ್ನಡದಲ್ಲಿ ಎರಡು ಮಾತು ಹೇಳುವುದು, ನಾನು ಅದನ್ನು ಕೊಂಕಣಿಯಲ್ಲಿ ಹೇಳುವುದು. ನನ್ನ ದನಿ ಎಷ್ಟು ನಡುಗುತ್ತಿತ್ತು ಎಂದರೆ ಒಬ್ಬ ಮುದುಕಿ ನೀರು ತಂದುಕೊಟ್ಟಳು. ಬಸ್ಸು, ಹುಡುಗಿಯರ ಶಾಲೆ, ಇಷ್ಟೇ ಅಕ್ಕೋರ ಭಾಷಣ. ಮೊದಮೊದಲು ಜನ ನಗುತ್ತಿದ್ದರು. ಬರಬರುತ್ತ ನಗುವುದನ್ನು ಬಿಟ್ಟು ಕೇಳತೊಡಗಿದರು. ನನಗೆ ನಿಜವಾದ ಹೆದರಿಕೆ ಶುರುವಾದದ್ದು ಆಗ.

ಒಂದು ಸಂಜೆ ಕುಳಗಿಯ ಆಚೆಯ ಊರುಗಳನ್ನು ಮುಗಿಸಿಕೊಂಡು ಕಾಡಿನ ರಸ್ತೆಯಲ್ಲಿ ದಾಂಡೇಲಿ ಕಡೆ ಬರುತ್ತಿದ್ದೆವು. ಹಿಂದೆ ಒಂದು ಬೈಕು, ಅದರ ಮೇಲೆ ಇಬ್ಬರು. ನಾನು ನಿಧಾನ ಮಾಡಿದರೆ ಅದೂ ನಿಧಾನ, ಜೋರು ಮಾಡಿದರೆ ಅದೂ ಜೋರು. ಕನ್ನಡಿಯಲ್ಲಿ ನೋಡಿ ನೋಡಿ ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಅಕ್ಕೋರು, "ಬದಿಗೆ ನಿಲ್ಲಸು" ಅಂದರು. ಬೇಡ ಅಂದರೂ ಕೇಳದೆ ಇಳಿದು ರಸ್ತೆಯ ಅಂಚಿಗೆ ನಿಂತರು. ಬೈಕು ಪಕ್ಕಕ್ಕೆ ಬಂದು ನಿಂತಿತು. ಹಿಂದೆ ಕೂತವನು ಬಹಳ ಮರ್ಯಾದೆಯಿಂದ, "ಅಕ್ಕೋರ, ನಿಮಗ ವಯಸ್ಸಾಗೇತಿ, ಮನಿಯಾಗ ಇರ್ರಿ. ಈ ರಸ್ತಾ ಚೊಲೊ ಇಲ್ಲ" ಅಂದ.

"ರಸ್ತಾ ಚೊಲೊ ಇಲ್ಲಂತನ ನಿಂತೇನಪಾ" ಅಂದರು ಅಕ್ಕೋರು.

ಅವನು ನನ್ನ ಮುಖವನ್ನು ಚೆನ್ನಾಗಿ ನೋಡಿದ, ಟಂಟಂ ನಂಬರ್ ನೋಡಿದ, "ನಿನ್ನ ಮನಿ ನಮಗ ಗೊತ್ತೈತಿ" ಅಂದು ಬೈಕನ್ನು ಬಿಡಿಸಿದ. ಅಕ್ಕೋರು ಒಳಗೆ ಬಂದು ಕೂತರು. ದಾಂಡೇಲಿಯ ದೀಪ ಕಾಣುವ ತನಕ ಅವರು ಹಿಡಿದುಕೊಂಡಿದ್ದ ಕಬ್ಬಿಣದ ಸರಳು ಗಡಗಡ ಅನ್ನುತ್ತಿತ್ತು. ಎಂಜಿನ್ ಆರಿಸಿದ ಮೇಲೂ ಅನ್ನುತ್ತಿತ್ತು. ಆಗ ತಿಳಿಯಿತು, ಅವರಿಗೂ ಅಂಜಿಕೆಯಿತ್ತು.

ಗೊತ್ತೈತಿ ಅಂದಿದ್ದು ಸುಳ್ಳಾಗಲಿಲ್ಲ. ಮತದಾನಕ್ಕೆ ಸ್ವಲ್ಪ ದಿನ ಇರುವಾಗ ಎದುರು ಪಾರ್ಟಿಯವರು ನಮ್ಮ ಕೇರಿಗೆ ಬಂದರು. ನಾನು ಮನೆಯಲ್ಲಿರಲಿಲ್ಲ. ಹೆಂಗಸರನ್ನೆಲ್ಲ ಒಂದು ಕಡೆ ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ಸೀರೆ ಕೊಟ್ಟು, ದೀಪ ಹಚ್ಚಿ ತೆಂಗಿನಕಾಯಿ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಮತ ಅವರಿಗೇ ಹಾಕುತ್ತೇನೆ, ತಪ್ಪಿದರೆ ಮಕ್ಕಳ ತಲೆಯ ಮೇಲೆ ಎಂದು. ಒಲ್ಲೆ ಅಂದವರಿಗೆ, "ನಿಮ್ಮ ಮನಿ ಜಾಗದ ಕಾಗದ ಇನ್ನೂ ಆಗಿಲ್ಲಲ್ಲಾ?" ಎಂದು ಕೇಳಿದರಂತೆ, ಅಷ್ಟೇ. ಫಾರೆಸ್ಟ್ ಜಾಗದಲ್ಲಿ ಕೂತ ನಮಗೆ ಅದಕ್ಕಿಂತ ಹೆಚ್ಚು ಹೇಳುವುದು ಬೇಕಿಲ್ಲ.

ನಾನು ಊಟಕ್ಕೆ ಬಂದರೆ ಅವ್ವ ನನ್ನ ಮುಖ ನೋಡದೆ ಬಡಿಸುತ್ತಿದ್ದಳು. ಅನ್ನ ನೆಲಕ್ಕೆ ಬೀಳುತ್ತಿತ್ತು. ಏನಾಯ್ತು ಅಂದರೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳಿಗೆ ನಾನೊಬ್ಬನೇ ಮಗ. ಆಣೆ ನನ್ನ ತಲೆಯ ಮೇಲಿತ್ತು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಹೇಳಿಕೊಳ್ಳುತ್ತಿದ್ದವನು ನಾನು. ಆ ದಿನ ಟಂಟಂ ಹತ್ತುವ ಮೊದಲು ಬ್ರೇಕನ್ನು ಮತ್ತೆ ಮತ್ತೆ ಒತ್ತಿ ನೋಡಿದೆ.

ಮರುದಿನ ಅಕ್ಕೋರು ಕೇರಿಗೆ ಬಂದರೆ ಒಬ್ಬರೂ ಹೊರಗೆ ಬರಲಿಲ್ಲ. ಬಾಗಿಲುಗಳು ಮುಚ್ಚಿದ್ದವು, ಒಳಗೆ ಮಕ್ಕಳನ್ನು ಸುಮ್ಮನಿರಿಸುವ ಸದ್ದು. ಅವರು ನಮ್ಮ ಕಟ್ಟೆಯ ಮೇಲೆ ಕೂತರು. ಅವ್ವ ಕಂಬ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. "ಕ್ಷಮಾ ಮಾಡ್ರಿ ಅಕ್ಕೋರ. ನನಗ ಇವನೊಬ್ಬನ ಅದಾನ." ಇಂಥ ಆಣೆ ಭಾಷೆ ಎಲ್ಲ ಮೂಢನಂಬಿಕೆ ಎಂದು ನಮಗೆ ಬೋರ್ಡಿನ ಮೇಲೆ ಬರೆದು ಕಲಿಸಿದವರು ಅಕ್ಕೋರು. ಈಗ ಬಯ್ಯುತ್ತಾರೆ ಎಂದುಕೊಂಡೆ.

"ತಂಗಿ, ಒಂದು ಕಾಯಿ ಕೊಡು" ಅಂದರು.

ಕಾಯಿ ಹಿಡಿದುಕೊಂಡು ಕೇರಿಯ ನಡುವೆ, ನಾವು ಹಿರಿಯರನ್ನು ಪೂಜಿಸುವ ಕಲ್ಲಿನ ಹತ್ತಿರ ಹೋಗಿ ನಿಂತರು. ಕ್ಲಾಸಿನಲ್ಲಿ ಹಾಜರಿ ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದರು: "ಒಳಗ ಇದ್ದವರು ಒಳಗಿಂದನ ಕೇಳ್ರಿ. ನನಗ ಹಾಕ್ರಿ ಅನ್ನಾಕ ಬಂದಿಲ್ಲ. ಯಾರಿಗೆ ಬೇಕೋ ಅವರಿಗೆ ಹಾಕ್ರಿ. ಆದ್ರ ಮಕ್ಕಳ ತಲಿ ನೆನಸಿ ಅಂಜಿ ಹಾಕಬ್ಯಾಡ್ರಿ. ನನಗ ಹಿಂದ ಮುಂದ ಯಾರೂ ಇಲ್ಲ. ನೀವು ಆಣಿ ಮುರದ್ರ ಅದರ ಪಾಪ ನನ್ನ ತಲಿಗೆ ಹತ್ತಲಿ. ನಿಮ್ಮ ಮಕ್ಕಳ ಕೂದಲಾನೂ ಕೊಂಕಬಾರದು." ಆಮೇಲೆ ಕಾಯಿ ಒಡೆದರು. ಒಂದು ಹೋಳು ಉರುಳಿ ನಮ್ಮ ಚರಂಡಿಗೆ ಬಿತ್ತು. ಯಾರೂ ಹೊರಗೆ ಬರಲಿಲ್ಲ.

ಹಳಿಯಾಳಕ್ಕೆ ವಾಪಸ್ಸು ಬರುವಾಗ ತಡೆಯಲಾಗದೆ ಕೇಳಿದೆ. "ನೀವು ನಂಬೂದಿಲ್ಲಲ್ರಿ. ಮತ್ಯಾಕ ಮಾಡಿದ್ರಿ?"

"ನಾ ನಂಬೂದಿಲ್ಲೋ. ಅವರು ನಂಬ್ತಾರ. ಭಾಷಣ ಮಾಡಿದ್ರ ಆ ಅಂಜಿಕಿ ಹೋಗೂದಿಲ್ಲ, ಯಾರಾರ ಅದನ್ನ ಹೊರಬೇಕು." ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಅಂದರು: "ಆದ್ರೂ ಕಾಯಿ ಒಡಿಯೂಮುಂದ ಎದಿ ಢವಢವ ಅಂತು ನೋಡು."

ಚುನಾವಣೆಯಲ್ಲಿ ಸೋತರು, ಠೇವಣಿಯೂ ಹೋಯಿತು. ಗೆಲ್ಲುತ್ತಾರೆ ಎಂದು ನಾನೂ ಅಂದುಕೊಂಡಿರಲಿಲ್ಲ. ಆದರೆ ನಮ್ಮ ಕೇರಿಯ ಬೂತಿನಲ್ಲಿ ಮಾತ್ರ ಉಳಿದ ಎಲ್ಲರಿಗಿಂತ ಹೆಚ್ಚು ಮತ ಅವರಿಗೆ ಬಿದ್ದಿತ್ತು. ಆ ಸುದ್ದಿ ಕೇಳಿ ಅಕ್ಕೋರು ಟಂಟಂನಲ್ಲಿ ಕೂತು ಮಕ್ಕಳ ಹಾಗೆ ಅತ್ತರು. ಕೇರಿಯಲ್ಲಿ ಅವತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವ್ವ ಏನು ಮಾಡಿದಳು ಎಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರ ಕಣ್ಣುಗಳು ಹಳದಿಯಾದವು. ಹುಬ್ಬಳ್ಳಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪಿತ್ತಕೋಶದಲ್ಲಿ ಗಡ್ಡೆ, ಬಹಳ ದಿನದಿಂದ ಬೆಳೆದಿದೆ, ಚುನಾವಣೆಗಿಂತ ಮುಂಚಿನಿಂದಲೂ ಇದ್ದಿರಬೇಕು ಎಂದರು ಡಾಕ್ಟರು. ಇದನ್ನು ನಾನು ಕೇರಿಗೆ ಬಂದು ಮನೆಮನೆಗೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಎಲ್ಲರ ಕಣ್ಣಲ್ಲೂ ಒಂದೇ ಮಾತು, ಆಣೆ ತಟ್ಟಿತು.

ಆಮೇಲೆ ಶುರುವಾಯಿತು ನೋಡಿ. ಹಳಿಯಾಳದ ಅವರ ಬಾಡಿಗೆ ಮನೆಗೆ ನಮ್ಮ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಮೊಟ್ಟೆ ತಂದಳು, ಇನ್ನೊಬ್ಬಳು ಕಾಡಿನ ಜೇನು. ಹಾಸಿಗೆಯ ಹತ್ತಿರ ಕೂತು ಕೈ ಹಿಡಿದುಕೊಂಡು ಎಲ್ಲರೂ ಹೇಳಿದ್ದು ಒಂದೇ: "ಅಕ್ಕೋರ, ನಾ ನಿಮಗ ಹಾಕಿಲ್ರಿ. ಈ ಜಡ್ಡು ನನ್ನಿಂದಲ್ರಿ." ಅಕ್ಕೋರು ಪ್ರತಿಯೊಬ್ಬರಿಗೂ, "ಚೊಲೊ ಮಾಡಿದಿ, ಹೋಗು, ಮಕ್ಕಳನ್ನ ನೋಡ್ಕೊ" ಅಂದು ಕಳಿಸುತ್ತಿದ್ದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಹಂಗಾರ ಆ ವೋಟೆಲ್ಲಾ ಯಾರು ಹಾಕಿದ್ರೋ? ಕಾಡಿನ ದೆವ್ವ ಬಂದು ಸಾಲಿಗೆ ನಿಂತಿದ್ವೇನು?" ಎಂದು ನಗಲು ಹೋಗಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆ ಹೆಂಗಸರ ಮೇಲೆ ಸಿಟ್ಟು ಮಾಡಲಿಕ್ಕೂ ಆಗುತ್ತಿರಲಿಲ್ಲ, ಅವರು ಹೆತ್ತವರು.

ಅವ್ವ ಮಾತ್ರ ಬರಲೇ ಇಲ್ಲ. ಕೊನೆಗೊಂದು ದಿನ ತಾನೇ ಬಂದು ಟಂಟಂನಲ್ಲಿ ಕೂತಳು. ಅಕ್ಕೋರ ಹಾಸಿಗೆಯ ಹತ್ತಿರ ನಿಂತು ಹೇಳಿದಳು:

"ಅಕ್ಕೋರ, ನಾ ನಿಮಗ ಹಾಕೇನ್ರಿ."

ಅಕ್ಕೋರು ಮೊಣಕೈ ಊರಿ ಏಳಲು ನೋಡಿದರು. "ಖರೇನ?"

"ಖರೇ ರೀ."

"ಅಂಜಲಿಲ್ಲೇನ ತಂಗಿ?"

"ಅಂಜಿದ್ನಿ ರೀ. ಅಂಜಿಕೋಂತನ ಹಾಕಿದ್ನಿ."

ಅಕ್ಕೋರು ಅವ್ವನ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಆಗ ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ. "ಅಕ್ಕೋರ, ಆ ಆಣಿ ನನ್ನ ತಲಿ ಮ್ಯಾಲಿಂದು. ನನಗ ವಾಪಸ್ ಕೊಟ್ಟಬಿಡ್ರಿ." ಅವ್ವ ಇನ್ನೊಂದು ಕೈಯಿಂದ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಅಕ್ಕೋರಿಗೆ ನಿಜವಾಗಿ ಸಿಟ್ಟು ಬಂತು. "ಹುಚ್ಚಪ್ಯಾಲಿ, ಇಷ್ಟು ವರ್ಷ ಏನ ಕಲಿಸಿದ್ನಿ ನಿನಗ? ಆಣಿ ಇಲ್ಲ, ಗೀಣಿ ಇಲ್ಲ. ಇದು ಪಿತ್ತಕೋಶದ ಜಡ್ಡು, ಡಾಕ್ಟರ್ ಹೇಳ್ಯಾರ." ಅಷ್ಟಕ್ಕೇ ಉಸಿರು ಹತ್ತಿತು. ದಣಿವಾರಿಸಿಕೊಂಡು ಮೆಲ್ಲಗೆ ಅಂದರು: "ಮತ್ತ ಆಣಿ ಅನ್ನೂದು ಇದ್ರೂ, ಕೊಟ್ಟದ್ದನ್ನ ತಿರುಗಿ ಕೇಳಬಾರದು."

ಆ ವಾರದಲ್ಲೇ ಅವರು ತೀರಿಕೊಂಡರು. ಮಣ್ಣಿಗೆ ನಮ್ಮ ಕೇರಿಯವರೆಲ್ಲ ಬಂದರು, ಆದರೆ ಅಂಗಳದ ಆಚೆಯೇ ನಿಂತರು. ಒಳಗೆ ಹೋಗಿ ಪಾದ ಮುಟ್ಟಿದವಳು ಅವ್ವ ಒಬ್ಬಳು.

ಡಾಕ್ಟರು ಹೇಳಿದ್ದು ನಿಜ ಎಂದು ನನಗೆ ಗೊತ್ತು. ಆದರೂ ಕಾಡಿನ ತಿರುವಿನಲ್ಲಿ ಎದುರಿಗೆ ಲಾರಿ ಬಂದು ಕೂದಲೆಳೆಯಲ್ಲಿ ಪಾರಾದಾಗಲೆಲ್ಲ ಅವರ ನೆನಪು ಬರುತ್ತದೆ. ನನ್ನ ಈ ಜೀವ ಅವರು ಬಿಟ್ಟುಕೊಟ್ಟದ್ದು ಅನಿಸುತ್ತದೆ, ಎಷ್ಟೇ ಅಲ್ಲ ಅಂದುಕೊಂಡರೂ ಅನಿಸುತ್ತದೆ. ಈಗ ನನಗೊಬ್ಬಳು ಮಗಳಿದ್ದಾಳೆ.

ಮೊನ್ನೆ ಆಣೆ ಹಾಕಿಸುವವರು ಮತ್ತೆ ಕೇರಿಗೆ ಬಂದಿದ್ದರು. ಬೇರೆ ಯಾವುದೋ ಚುನಾವಣೆ, ಅದೇ ಸೀರೆ, ಅದೇ ಕಾಯಿ. ನಮ್ಮ ಬಾಗಿಲಿಗೂ ಬಂದು ಅವ್ವನ ಮುಂದೆ ಕಾಯಿ ಹಿಡಿದರು. "ಮೊಮ್ಮಗಳ ತಲಿ ಮ್ಯಾಲ ಅಂತ ಅನ್ರಿ ಅಜ್ಜಿ, ಮುಗೀತು" ಅಂದರು. ನಾನು ಮಗಳನ್ನು ಎತ್ತಿಕೊಂಡು ಅವ್ವನ ಹಿಂದೆ ನಿಂತಿದ್ದೆ. ಅವ್ವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಮ್ಮ ಮನಿ ಆಣಿ ಎಲ್ಲಾ ಒಬ್ಬರು ಹೊತಗೊಂಡು ಹೋಗ್ಯಾರಪಾ" ಅಂದಳು. "ಹೊಸಾದು ಮಾಡೂದಿಲ್ಲ."

ಅವರು ಮನೆಯನ್ನೊಮ್ಮೆ ನೋಡಿ, ಮುಂದಿನ ಬಾಗಿಲಿಗೆ ಹೋದರು. ಅವ್ವ ಬಾಗಿಲು ಹಾಕಿ ಅಗಳಿ ಜಡಿದಳು. ನಡುಗುತ್ತ ಅಲ್ಲೇ ನೆಲದ ಮೇಲೆ ಕೂತಳು. ನಾನೂ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅವಳ ಪಕ್ಕಕ್ಕೆ ಕೂತೆ.